ಮಗು ಬೇಕೆಂದಿದ್ದೇವೆ, ಇಬ್ಬರದೂ ಸೀಸ–ಥಿನ್ನರ್ ನಡುವಿನ ಕೆಲಸ: ತಿಳಿದವರು ಹೇಳಿ

ಕೇಳಿದವರು: ನಮ್ಮ ಮನೆಯವರು ಬ್ಯಾಟರಿ ತಯಾರಿಕೆಯಲ್ಲಿ ಸೀಸದ ಪ್ಲೇಟ್ ಜೋಡಿಸುತ್ತಾರೆ. ನಾನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಫ್ರೇಮ್ ತೊಳೆಯುತ್ತೇನೆ, ದಿನವಿಡೀ ಥಿನ್ನರ್. ಈ ವರ್ಷ ಮಗು ಮಾಡಿಕೊಳ್ಳಬೇಕು ಅಂತಿದ್ದೇವೆ. ಗರ್ಭ ನಿಂತ ಮೇಲೆ ನಾನು ಬೇರೆ ಕೆಲಸಕ್ಕೆ ಹೋದರೆ ಸಾಕಲ್ಲವೇ? ಮಾಸ್ಕ್, ಗ್ಲೌಸ್ ಇಬ್ಬರಿಗೂ ಕೊಟ್ಟಿದ್ದಾರೆ.

ಔದ್ಯೋಗಿಕ ಆರೋಗ್ಯ ವೈದ್ಯೆ: ಸಾಲದು. ಕೊನೆಯ ಮುಟ್ಟಿನಿಂದ ಎಣಿಸಿದರೆ 5ನೇ ವಾರದಿಂದ 10ನೇ ವಾರದೊಳಗೆ ಮಗುವಿನ ಹೃದಯ, ಬೆನ್ನುಹುರಿ, ಕೈಕಾಲುಗಳ ರೂಪ ಮೂಡಿಬಿಡುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ಮೇಲ್ವಿಚಾರಕರಿಗೆ ಹೇಳಿ ಜಾಗ ಬದಲಾಗುವಷ್ಟರಲ್ಲಿ ಅದರಲ್ಲಿ ಅರ್ಧ ಕಾಲ ಕಳೆದಿರುತ್ತದೆ. ಗಂಡಸರ ಲೆಕ್ಕ ಬೇರೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವ ದಾರಿಯಲ್ಲಿ ಪಕ್ವವಾಗಲು ಇನ್ನೊಂದೆರಡು ವಾರ. ಇಂದು ಸೀಸ ಬಿಟ್ಟರೂ ಅದರ ಫಲ ವೀರ್ಯದಲ್ಲಿ ಕಾಣುವುದು ಮೂರು ತಿಂಗಳ ಮೇಲೆ. ಆದ್ದರಿಂದ ಪ್ರಯತ್ನಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಇಬ್ಬರೂ ದೂರ ಸರಿಯಬೇಕು. ಸೀಸದ ವಿಷಯದಲ್ಲಿ ಅದಕ್ಕಿಂತಲೂ ಮುಂಚೆ.

ಯಾಕೆಂದರೆ ಸೀಸ ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ತಿಂಗಳು ಸಾಕು, ಮೂಳೆಯಲ್ಲಿ ಸೇರಿಕೊಂಡದ್ದು ದಶಕಗಟ್ಟಲೆ ಉಳಿಯುತ್ತದೆ. ಹತ್ತು ವರ್ಷ ಕೆಲಸ ಮಾಡಿದವರು ವಿಭಾಗ ಬಿಟ್ಟರೂ ರಕ್ತದ ಅಂಕಿ ನಿಧಾನವಾಗಿ ಇಳಿಯುವುದು ಇದಕ್ಕೇ, ಮೂಳೆ ಅದನ್ನು ಮರಳಿ ಬಿಡುತ್ತಿರುತ್ತದೆ. ಗರ್ಭದಲ್ಲಿ ಮಗುವಿಗಾಗಿ ತಾಯಿಯ ಮೂಳೆಯ ಕ್ಯಾಲ್ಸಿಯಂ ಕರಗಿದಾಗ ಅಲ್ಲಿ ಕುಳಿತ ಸೀಸವೂ ಹೊರಬಂದು, ಮಾಸು ದಾಟಿ ಮಗುವನ್ನು ಸೇರುತ್ತದೆ. ನೀವು ಸೀಸ ಮುಟ್ಟುವವರಲ್ಲದಿದ್ದರೂ ಅವರ ಬಟ್ಟೆಯ ಧೂಳು ಮನೆಗೆ ಬಂದಿರಬಹುದು. ಇಬ್ಬರೂ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತ ಬೇಡ, ಚರ್ಮದ ಮೇಲಿನ ಧೂಳು ಸೇರಿ ಅಂಕಿ ಸುಳ್ಳಾಗಿ ಏರುತ್ತದೆ. ತೋಳಿನ ರಕ್ತನಾಳದಿಂದಲೇ ತೆಗೆಸಿ.

ಅಮೆರಿಕದ 1978ರ ಸೀಸದ ನಿಯಮ, ಮಗು ಬೇಕೆನ್ನುವ ಗಂಡು–ಹೆಣ್ಣು ಇಬ್ಬರಿಗೂ ಡೆಸಿಲೀಟರಿಗೆ 30 ಮೈಕ್ರೋಗ್ರಾಂ ಒಳಗಿರಲಿ ಎಂದಿತ್ತು. ಅದು ಹಳೆಯ ಗೆರೆ, ಅದನ್ನು ನೆಚ್ಚಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಿ ನಿಲ್ಲಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದ ದೇಹ ಸೀಸವನ್ನು ಹೆಚ್ಚು ಹೀರುತ್ತದೆ, ಅವನ್ನೂ ನೋಡಿಸಿ. ಸೀಸ ಇಳಿಸುವ ಔಷಧ ತೆಗೆದುಕೊಳ್ಳುತ್ತಾ ಅದೇ ಧೂಳಿನಲ್ಲಿ ಕೆಲಸ ಮುಂದುವರಿಸುವುದು ಮಾತ್ರ ಖಂಡಿತ ಬೇಡ.

ಕೈಗಾರಿಕಾ ನೈರ್ಮಲ್ಯ ತಜ್ಞ: ನಾನು ಥಿನ್ನರ್ ಕಡೆ ಬರುತ್ತೇನೆ. ‘ಥಿನ್ನರ್’ ಎಂಬುದು ಒಂದು ರಾಸಾಯನಿಕದ ಹೆಸರಲ್ಲ, ಡಬ್ಬಿಯೊಳಗೆ ಏನು ಬೇಕಾದರೂ ಇರಬಹುದು. ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಮೊದಲು 3ನೇ ವಿಭಾಗದ ಸಿಎಎಸ್ ಸಂಖ್ಯೆಗಳನ್ನು (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಸ್ಕ್ರೀನ್ ಶಾಯಿ, ಕ್ಲೀನರ್‌ಗಳಲ್ಲಿ ನನಗೆ ಹೆಚ್ಚು ಭಯ 110-80-5 (ಎಥಾಕ್ಸಿಎಥನಾಲ್) ಮತ್ತು 109-86-4 (ಮೆಥಾಕ್ಸಿಎಥನಾಲ್) ಬಗ್ಗೆ. ಇವೇ ಗ್ಲೈಕಾಲ್ ಈಥರ್‌ಗಳು. ವೀರ್ಯಾಣು ಕಡಿಮೆಯಾಗುವುದು, ಗರ್ಭಪಾತ, ಎರಡಕ್ಕೂ ಇವುಗಳ ನಂಟಿದೆ. 872-50-4 ಎನ್-ಮೀಥೈಲ್ ಪೈರೋಲಿಡೋನ್, 68-12-2 ಡೈಮೀಥೈಲ್ ಫಾರ್ಮಮೈಡ್, ಇವೂ ಗರ್ಭಕ್ಕೆ ಹಾನಿ. ಆಮೇಲೆ 2ನೇ ವಿಭಾಗದಲ್ಲಿ ಎಚ್360, ಎಚ್361, ಎಚ್362 ಎಂಬ ಅಪಾಯದ ಸಂಕೇತಗಳನ್ನು ಹುಡುಕಿ. 360ರ ಪಕ್ಕ ಎಫ್ ಅಕ್ಷರ ಇದ್ದರೆ ಫಲವಂತಿಕೆಗೆ, ಡಿ ಇದ್ದರೆ ಗರ್ಭಸ್ಥ ಮಗುವಿಗೆ. 362 ಎಂದರೆ ಎದೆಹಾಲು ಕುಡಿಯುವ ಮಗುವಿಗೆ.

ಮೆಥಾಕ್ಸಿಎಥನಾಲ್ ದೇಹದೊಳಗೆ ಮೆಥಾಕ್ಸಿಅಸಿಟಿಕ್ ಆಮ್ಲವಾಗುತ್ತದೆ, ಹಾನಿ ಮಾಡುವುದು ಅದೇ. ಅರ್ಧಕ್ಕಿಳಿಯಲು ಸುಮಾರು 77 ಗಂಟೆ. ಒಂದು ರಾತ್ರಿಯಲ್ಲಿ ಹೋಗುವುದಿಲ್ಲ, ವಾರದ ಮೊದಲ ದಿನದಿಂದ ಕೊನೆಯ ದಿನಕ್ಕೆ ಮೇಲೇರುತ್ತಾ ಬರುತ್ತದೆ. ಮೂತ್ರ ಪರೀಕ್ಷೆಗೆ ವಾರದ ಕೊನೆಯ ಪಾಳಿ ಮುಗಿದ ಮೇಲಿನ ಮಾದರಿಯೇ ಸರಿ. ರಜೆ ಮುಗಿಸಿ ಬಂದ ಬೆಳಿಗ್ಗೆ ಕೊಟ್ಟರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ವಾಸನೆ ಬರುತ್ತಿಲ್ಲ, ಹಾಗಾಗಿ ತೊಂದರೆ ಇಲ್ಲ ಎನ್ನಬೇಡಿ. ಮೂಗು ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ. ಇಂಥ ದ್ರಾವಕಗಳಲ್ಲಿ ಚರ್ಮದ ಮೂಲಕ ಒಳಹೋಗುವ ಪಾಲೂ ದೊಡ್ಡದು.

ಸುರಕ್ಷತಾ ಅಧಿಕಾರಿ: ‘ಮಾಸ್ಕ್, ಗ್ಲೌಸ್ ಕೊಟ್ಟಿದ್ದಾರೆ’ ಎಂಬ ಮಾತಿಗೆ ನಿಲ್ಲುತ್ತೇನೆ, ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಸೀಸದ ಧೂಳಿಗೆ ಪಿ100 ಕಣದ ಫಿಲ್ಟರ್ ಬೇಕು, ಅದು ಥಿನ್ನರ್ ಆವಿ ತಡೆಯದು. ಆವಿಗೆ ಸಾವಯವ ಆವಿಯ ಕಾರ್ಟ್ರಿಜ್ ಬೇಕು, ಅದೊಂದೇ ಧೂಳು ತಡೆಯದು. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಧೂಳು, ಆವಿ ಎರಡನ್ನೂ ತಡೆಯವು. ಗಡ್ಡವಿದ್ದರೆ ಅಂಚು ಕೂರುವುದಿಲ್ಲ, ಮಾಸ್ಕ್ ಇದ್ದೂ ಇಲ್ಲದಂತೆ. ತೆರೆದಿಟ್ಟ ಕಾರ್ಟ್ರಿಜ್ ಕಪಾಟಿನಲ್ಲೇ ಆವಿ ಹೀರಿ ಮುಗಿದುಹೋಗುತ್ತದೆ. ಮುಚ್ಚಿದ ಚೀಲದಲ್ಲಿಡಿ, ತೆರೆದ ದಿನಾಂಕ ಬರೆದಿಡಿ.

ತೆಳು ನೈಟ್ರೈಲ್ ಗ್ಲೌಸ್ ಚಿಮ್ಮಿದ ಹನಿಗೆ ಮಾತ್ರ, ಹನಿ ಬಿದ್ದ ಕೂಡಲೇ ಬದಲಿಸಬೇಕು. ಗ್ಲೈಕಾಲ್ ಈಥರ್‌ಗೆ ಬ್ಯೂಟೈಲ್ ರಬ್ಬರ್ ಒಳ್ಳೆಯದು, ಆದರೆ ಡಬ್ಬಿಯಲ್ಲಿ ಟಾಲ್ವಿನ್ ಎಂಬ ದ್ರಾವಕ ಕೂಡ ಇದ್ದರೆ ಬ್ಯೂಟೈಲ್ ಬೇಗ ಸೋಲುತ್ತದೆ. ಮಿಶ್ರಣಕ್ಕೆ ಬಹುಪದರದ ಲ್ಯಾಮಿನೇಟ್ ಗ್ಲೌಸ್ ಒಳಗೆ, ಅದರ ಮೇಲೆ ಗಟ್ಟಿ ನೈಟ್ರೈಲ್. ಕೈಗೆ ಅಂಟಿದ ಶಾಯಿಯನ್ನು ಥಿನ್ನರ್‌ನಿಂದ ಒರೆಸುವ ಅಭ್ಯಾಸ ಇಂದೇ ನಿಲ್ಲಿಸಿ.

ಇದೆಲ್ಲ ಕೊನೆಯ ಆಸರೆ. ಮೊದಲು ಕೇಳಬೇಕಾದ್ದು ಮುಚ್ಚಿದ ತೊಳೆಯುವ ತೊಟ್ಟಿ, ಆವಿಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಎಕ್ಸಾಸ್ಟ್. ಸುಮ್ಮನೆ ಫ್ಯಾನ್ ಹಾಕಿದರೆ ಆವಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುತ್ತದೆ.

ಪ್ರಯೋಗಾಲಯದವರು: ಮನೆಯವರಿಗೆ ವೀರ್ಯ ಪರೀಕ್ಷೆ: ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮ, ಮಾದರಿ ಒಂದು ಗಂಟೆಯೊಳಗೆ ಬಂದು ಸೇರಲಿ. ಇತ್ತೀಚಿನ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ತಿಳಿಸಿ, ಅದೊಂದೇ ಎಣಿಕೆ ಇಳಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಗಿನ ಗೆರೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42. ಒಂದೇ ವರದಿ ಹಿಡಿದು ಹೆದರಬೇಡಿ. ಸೀಸದ ವಿಭಾಗ ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ. ಎಣಿಕೆ ಸರಿಯಿದೆ ಅಂದರೆ ಎಲ್ಲವೂ ಸರಿ ಎಂದೂ ಅಲ್ಲ, ಡಿಎನ್‌ಎ ಹಾನಿ ಈ ಎಣಿಕೆಯಲ್ಲಿ ಕಾಣುವುದಿಲ್ಲ.

ಕೇಳಿದವರು: ಡಬ್ಬಿಯ ಮೇಲೆ ‘ಕ್ಲೀನರ್’ ಅಂತಷ್ಟೇ ಇದೆ. ಹಳೆಯದಕ್ಕಿಂತ ಸುರಕ್ಷಿತವಾದ ಹೊಸದು ಎನ್ನುತ್ತಾರೆ.

ಕೈಗಾರಿಕಾ ನೈರ್ಮಲ್ಯ ತಜ್ಞ: ‘ಹೊಸದು’ ಎಂಬುದನ್ನು ನಂಬಬೇಡಿ. 1995ರಲ್ಲಿ ದಕ್ಷಿಣ ಕೊರಿಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಫ್ರಿಯಾನ್ ಎಂಬ ಹಳೆಯ ದ್ರಾವಕದ ಬದಲಿಗೆ ತಂದ ಕ್ಲೀನರ್‌ನಲ್ಲಿ 2-ಬ್ರೋಮೋಪ್ರೊಪೇನ್ ಇತ್ತು. ಹೆಣ್ಣುಮಕ್ಕಳ ಮುಟ್ಟು ನಿಂತಿತು, ಗಂಡಸರ ವೀರ್ಯಾಣು ಕುಸಿಯಿತು. ಅದಕ್ಕೂ ಮುಂಚೆ, 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್‌ನಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದವರು ತಮ್ಮೊಳಗೇ ಮಾತಾಡಿಕೊಂಡು ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ಕಂಡುಕೊಂಡರು. ಇಲಿಗಳ ವೃಷಣಕ್ಕೆ ಅದು ಹಾನಿ ಮಾಡುತ್ತದೆಂದು 1961ರಲ್ಲೇ ಪ್ರಕಟವಾಗಿತ್ತು. ಕೆಲವರಿಗೆ ವೀರ್ಯಾಣು ಮರಳಿತು, ಕೆಲವರಿಗೆ ಮರಳಲೇ ಇಲ್ಲ. ನಿಮ್ಮ ಜೊತೆಯವರನ್ನೂ ಮುಟ್ಟು ಏರುಪೇರು, ಗರ್ಭಪಾತದ ಬಗ್ಗೆ ಕೇಳಿ. ಮಾಹಿತಿ ಪತ್ರವನ್ನು ಬರಹದಲ್ಲೇ ಕೇಳಿ, ಬರುವ ತನಕ ಆ ಡಬ್ಬಿ ಮುಟ್ಟದ ಕೆಲಸ ಕೇಳಿ.

ಔದ್ಯೋಗಿಕ ಆರೋಗ್ಯ ವೈದ್ಯೆ: ಮನೆಯವರು ಕಾರ್ಖಾನೆಯಲ್ಲೇ ಸ್ನಾನ ಮಾಡಿ ಬಟ್ಟೆ, ಬೂಟು ಅಲ್ಲೇ ಬಿಟ್ಟು ಬರಲಿ. ತರಲೇಬೇಕಾದರೆ ಚೀಲದಲ್ಲಿ ಕಟ್ಟಿ, ಕೊಡವದೆ, ಬೇರೆಯಾಗಿ ಒಗೆಯಿರಿ. ಅದನ್ನು ನೀವು ಮುಟ್ಟಬೇಡಿ, ಅವರೇ ಒಗೆಯಲಿ. ಧೂಳನ್ನು ಪೊರಕೆಯಿಂದ ಗುಡಿಸುವುದು, ಗಾಳಿ ಪೈಪಿನಿಂದ ಊದುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ನೀವು ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರು ಮಾಡಿ.

ಇಷ್ಟರೊಳಗೆ ಗರ್ಭ ನಿಂತೇಬಿಟ್ಟರೆ ಹೆದರಿ ತೆಗೆಸುವ ನಿರ್ಧಾರ ಮಾಡಬೇಡಿ. ಸಂಪರ್ಕ ಆದ ಮಾತ್ರಕ್ಕೆ ಮಗುವಿಗೆ ಹಾನಿಯಾಗಿದೆ ಎಂದಲ್ಲ. ಅದೇ ದಿನ ಥಿನ್ನರ್ ಬಿಡಿ, ರಕ್ತದ ಸೀಸ ನೋಡಿಸಿ. ವೈದ್ಯರ ಬಳಿ ಹೋಗುವಾಗ ಸಿಎಎಸ್ ಸಂಖ್ಯೆಗಳು, ದಿನಕ್ಕೆಷ್ಟು ಗಂಟೆ, ಯಾವ ವಾರದಿಂದ ಯಾವ ವಾರದ ತನಕ ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ.