ಲ್ಯಾಬ್ರಡಾರ್‌ಗೆ ಪದೇಪದೇ ಕಿವಿ ಸೋಂಕು: ಊಟದ ಅಲರ್ಜಿ ಇರಬಹುದಾ?

ಕಪ್ಪುಮೂಗು ಕೇಳಿದ್ದು:

ಗಂಡು ಲ್ಯಾಬ್ರಡಾರ್ ನಾಯಿ, 4 ವರ್ಷ, 30 ಕೆ.ಜಿ. ಒಂದೂವರೆ ವರ್ಷದಿಂದ ಎರಡೂ ಕಿವಿಯಲ್ಲಿ ಕಂದು ಬಣ್ಣದ ಜಿಡ್ಡು ಗುಗ್ಗೆ, ಹುದುಗು ಬಂದ ಹಿಟ್ಟಿನಂಥ ವಾಸನೆ. ಡ್ರಾಪ್ಸ್ ದಿನಕ್ಕೆರಡು ಸಲ, ಒಂದು ಸಲಕ್ಕೆ ನಾಲ್ಕೈದು ಹನಿಯಂತೆ 7 ದಿನ ಹಾಕಿದರೆ ವಾಸನೆ ಹೋಗುತ್ತೆ. ನಿಲ್ಲಿಸಿ ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಕಥೆ. ಬೇಸಿಗೆ, ಮಳೆಗಾಲ ಅಂತ ವ್ಯತ್ಯಾಸ ಇಲ್ಲ. ಮುಂಗಾಲಿನ ಬೆರಳ ಸಂದಿ ನೆಕ್ಕುತ್ತೆ, ಹಿಂಭಾಗ ನೆಲಕ್ಕೆ ಉಜ್ಜುತ್ತೆ, ದಿನಕ್ಕೆ ನಾಲ್ಕು ಸಲ ಕಕ್ಕಸು. ಉಣ್ಣಿಗೆ ತಿಂಗಳಿಗೊಂದು ಚೀಪುವ ಮಾತ್ರೆ ಕೊಡ್ತೀವಿ.

ಊಟ: ಕೋಳಿ-ಅನ್ನ, ರಾತ್ರಿ ಮೊಸರನ್ನ, ಜೊತೆಗೆ ಪ್ಯಾಕೆಟ್ ಕಾಳು (ಒಣ ನಾಯಿ ಆಹಾರ). ಕಾಳನ್ನು 'ಲ್ಯಾಂಬ್' (ಕುರಿ ಮಾಂಸ) ಅಂತ ಬರೆದಿರೋದಕ್ಕೆ ಮೂರು ವಾರ ಬದಲಾಯಿಸಿದ್ದಾಯ್ತು, ಫಲ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಯಾವ ಆಹಾರ ಒಗ್ಗಲ್ಲ ಅಂತ ಗೊತ್ತಾಗುತ್ತಾ?

---

ಸ್ಲೈಡ್_ನೋಡಿ ಉತ್ತರ:

ಊಟದ ವಿಷಯ ಆಮೇಲೆ, ಮೊದಲು ಕಿವಿ. ಈಗಾಗಲೇ ಬೇರೂರಿದ ಸೋಂಕು ಊಟ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ.

ಏಳು ದಿನ ಸಾಲದು. ಈ ಡ್ರಾಪ್ಸ್‌ಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಒಟ್ಟಿಗಿರುತ್ತವೆ: ಬ್ಯಾಕ್ಟೀರಿಯಾಕ್ಕೊಂದು, ಶಿಲೀಂಧ್ರಕ್ಕೊಂದು, ಜೊತೆಗೆ ಸ್ಟೀರಾಯ್ಡ್. ಸ್ಟೀರಾಯ್ಡ್ ನಾಲ್ಕೈದು ದಿನಕ್ಕೇ ಊತ, ತುರಿಕೆ ಇಳಿಸಿಬಿಡುತ್ತೆ. ವಾಸಿಯಾಯ್ತು ಅಂತ ನಾವು ನಿಲ್ಲಿಸ್ತೀವಿ, ಆಳದಲ್ಲಿ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಹಾಗೇ ಕೂತಿರುತ್ತೆ. ಯೀಸ್ಟ್ ಸೋಂಕಿಗೆ 2ರಿಂದ 4 ವಾರ ಬೇಕಾಗೋದೇ ಹೆಚ್ಚು. ಯಾವಾಗ ನಿಲ್ಲಿಸಬೇಕು ಅಂತ ಮೂಗು ಹೇಳಬಾರದು, ಸ್ಲೈಡ್ (ಗುಗ್ಗೆಯ ಮೈಕ್ರೋಸ್ಕೋಪ್ ಪರೀಕ್ಷೆ) ಹೇಳಬೇಕು.

ನಾಲ್ಕೈದು ಹನಿ ಅನ್ನೋದೂ ಕಡಿಮೆ. ನಾಯಿಯ ಕಿವಿ ಕೊಳವೆ ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಕೆಳಗಿಳಿದು ಒಳಕ್ಕೆ ತಿರುಗುತ್ತೆ. ಈ ಗಾತ್ರದ ನಾಯಿಗೆ ಒಂದು ಕಿವಿಗೆ ಒಂದು ಸಲಕ್ಕೆ 0.5ರಿಂದ 1 ಮಿ.ಲೀ. ಹೋದರೆ ಮಾತ್ರ ತಿರುವು ದಾಟುತ್ತೆ. ನಿಮ್ಮ ಔಷಧಿಗೆ ಎಷ್ಟು ಅಂತ ಡಾಕ್ಟರನ್ನು ಕೇಳಿ, ಸೂಜಿ ತೆಗೆದ 1 ಮಿ.ಲೀ. ಸಿರಿಂಜ್‌ನಲ್ಲಿ ಅಳೆದು ಹಾಕಿ.

ಡಾಕ್ಟರ ಹತ್ತಿರ ಎರಡು ಕೆಲಸ ಬಾಯಿಬಿಟ್ಟು ಕೇಳಿ. ಒಂದು, ಓಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಹಾಕಿ ಕಿವಿ ತಮಟೆ ಹರಿದಿಲ್ಲ ಅಂತ ನೋಡೋದು. ಹರಿದಿದ್ದರೆ ಡ್ರಾಪ್ಸ್, ಕ್ಲೀನರ್‌ಗಳಲ್ಲಿರುವ ಜೆಂಟಾಮೈಸಿನ್, ಕ್ಲೋರ್‌ಹೆಕ್ಸಿಡಿನ್‌ನಂಥವು ಒಳಗಿವಿಗೆ ಇಳಿದು ಕಿವುಡು ತರಬಹುದು. ಎರಡು, ಸ್ವಾಬ್ ತೆಗೆದು ಗಾಜಿನ ಸ್ಲೈಡ್ ಮೇಲೆ ಹೊರಳಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು. ಹತ್ತು ನಿಮಿಷದ ಕೆಲಸ. ನಡು ಸಣ್ಣಗಾದ ಕಡಲೆಕಾಯಿ ಆಕಾರದ ನೇರಳೆ ಚುಕ್ಕೆ ಕಂಡರೆ ಅದು ಮಲಸೇಝಿಯಾ ಯೀಸ್ಟ್. ನೀವು ಹೇಳೋ ವಾಸನೆಗೆ ಅದೇ ಇರಬಹುದು. ಗುಂಡುಗುಂಡಾಗಿದ್ದರೆ ಕಾಕೈ ಅನ್ನೋ ಬ್ಯಾಕ್ಟೀರಿಯಾ. ಕಡ್ಡಿ ಆಕಾರದ ಬ್ಯಾಕ್ಟೀರಿಯಾ ಕಂಡರೆ ಕಲ್ಚರ್‌ಗೆ (ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋದಕ್ಕೆ) ಕಳಿಸಲೇಬೇಕು, ಯಾಕೆಂದರೆ ಅದು ಸ್ಯೂಡೋಮೊನಾಸ್ ಆಗಿದ್ದರೆ ಮಾಮೂಲಿ ಡ್ರಾಪ್ಸ್‌ಗೆ ಜಗ್ಗಲ್ಲ.

ತೊಳೆಯೋದು: ಕಿವಿ ತೊಳೆಯುವ ಕ್ಲೀನರ್ ಬಾಟಲಿಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಕಿವಿಯ ಹಾಳೆ ಮೇಲೆತ್ತಿ, ಕೊಳವೆ ತುಂಬಿ ಹೊರಗೆ ಕಾಣೋವರೆಗೆ ಸುರಿಯಿರಿ. ಕಿವಿಯ ಬುಡವನ್ನು ಒಂದು ನಿಮಿಷ ಅಮುಕಿ ಅಮುಕಿ ಬಿಡಿ, ಒಳಗಿಂದ ಪಚಪಚ ಸದ್ದು ಬರಬೇಕು. ಸದ್ದು ಬರದಿದ್ದರೆ ಸುರಿದದ್ದು ಸಾಲದು. ಬಿಟ್ಟುಬಿಡಿ, ತಲೆ ಕೊಡವಲಿ (ಹಳೇ ಬಟ್ಟೆ ಹಾಕಿಕೊಂಡೇ ಈ ಕೆಲಸಕ್ಕೆ ಇಳಿಯಿರಿ). ಆಮೇಲೆ ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಬಡ್ಸ್ ಬೇಡ, ಅದು ಗುಗ್ಗೆಯನ್ನು ತಿರುವಿನಲ್ಲಿ ಗಟ್ಟಿಯಾಗಿ ಜಡಿಯುತ್ತೆ. ಕಾಲು ಗಂಟೆ ಒಣಗಲು ಬಿಟ್ಟು ಡ್ರಾಪ್ಸ್. ಕೊಬ್ಬರಿ ಎಣ್ಣೆ ಹಾಕಲೇಬೇಡಿ, ಮಲಸೇಝಿಯಾ ಜಿಡ್ಡಿನಲ್ಲೇ ಬೆಳೆಯೋ ಜಾತಿ. ವಿನೆಗರ್, ಸ್ಪಿರಿಟ್ ಹುಣ್ಣಾದ ಚರ್ಮಕ್ಕೆ ಬೆಂಕಿ ಇಟ್ಟ ಹಾಗೆ.

ತಲೆ ಒಂದು ಕಡೆ ವಾಲಿದರೆ, ಸುತ್ತು ಹೊಡೆದರೆ, ಬಾಯಿ ತೆರೆಯುವಾಗ ಕಿರುಚಿದರೆ ಸೋಂಕು ಮಧ್ಯಕಿವಿ, ಒಳಗಿವಿಗೆ ಇಳಿದಿರಬಹುದು. ಅವತ್ತೇ ತೋರಿಸಿ.

---

ಗೆಣಸು_ಗಡ್ಡೆ ಉತ್ತರ:

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆಹಾರದ ಅಲರ್ಜಿ ವಿಷಯದಲ್ಲಿ ರಕ್ತ, ಜೊಲ್ಲು, ಕೂದಲು ಯಾವ ಪರೀಕ್ಷೆಯನ್ನೂ ನಂಬೋಕಾಗಲ್ಲ. ಆರೋಗ್ಯವಾಗಿರೋ ನಾಯಿಗೂ ಪಾಸಿಟಿವ್ ಬರುತ್ತೆ. ಇರೋದು ಒಂದೇ ದಾರಿ, 8 ವಾರದ ಪಥ್ಯ. ಆಹಾರದ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ನಾಯಿಗಳು ಅಷ್ಟರೊಳಗೆ ಸುಧಾರಿಸುತ್ತವೆ. ಮೂರು ವಾರಕ್ಕೆ ಕೈಬಿಟ್ಟರೆ ಏನೂ ಗೊತ್ತಾಗಲ್ಲ.

ವರ್ಷವಿಡೀ ತುರಿಕೆ, ಕಿವಿ ಮತ್ತು ಹಿಂಭಾಗ ಎರಡೂ ಕಡೆ, ಕಕ್ಕಸು ಹೆಚ್ಚು. ಇವೆಲ್ಲ ಊಟದ ಕಡೆಗೇ ಬೆರಳು ಮಾಡುತ್ತವೆ, ಆದರೆ ಖಾತ್ರಿ ಅಲ್ಲ. ಹಿಂಭಾಗ ಉಜ್ಜೋದಕ್ಕೆ ಗುದಗ್ರಂಥಿ ತುಂಬಿರೋದೂ ಕಾರಣ ಇರಬಹುದು, ಅದನ್ನೂ ನೋಡಿಸಿ.

'ಲ್ಯಾಂಬ್' ಪ್ಯಾಕೆಟ್ ಯಾಕೆ ಸೋತಿತು? ಹಿಂದಿನ ಸಣ್ಣಕ್ಷರ ಓದಿ, ಕೋಳಿಕೊಬ್ಬೋ ಕೋಳಿಪುಡಿಯೋ ಸಿಗುವ ಸಾಧ್ಯತೆ ಜಾಸ್ತಿ. ಬರೆಯದಿದ್ದರೂ ಒಂದೇ ಮೆಷಿನ್‌ನಲ್ಲಿ ತಯಾರಾಗಿ ಬೆರೆತಿರಬಹುದು. ಅದರ ಮೇಲೆ ಮೊಸರನ್ನ ಬೇರೆ ನಡೀತಾ ಇತ್ತಲ್ಲ.

ಪಥ್ಯಕ್ಕೆ ಎರಡು ಆಯ್ಕೆ. ಸುಲಭದ್ದು, ಡಾಕ್ಟರ್ ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ದೇಹ ಗುರುತಿಸದಷ್ಟು ಚೂರು ಮಾಡಿರುತ್ತಾರೆ. ದುಬಾರಿ. ಇನ್ನೊಂದು, ನಿಮ್ಮ ನಾಯಿ ಹುಟ್ಟಿದಾಗಿನಿಂದ ತಿಂದೇ ಇರದ ಒಂದು ಮಾಂಸ, ಒಂದು ಗಡ್ಡೆ. ಬಾತುಕೋಳಿ ಬೇಡ, ಕೋಳಿಗೆ ಹತ್ತಿರದ್ದು. ಹಂದಿ ಮಾಂಸ ತಿಂದಿಲ್ಲದಿದ್ದರೆ ಅದು ಮತ್ತು ಸಿಹಿಗೆಣಸು ಒಳ್ಳೆ ಜೋಡಿ.

30 ಕೆ.ಜಿ.ಗೆ ದಿನಕ್ಕೆ ಅಂದಾಜು: ಮೂಳೆ, ಕೊಬ್ಬು ತೆಗೆದ ಹಸಿ ಹಂದಿ ಮಾಂಸ 400 ಗ್ರಾಂ, ಗೆಣಸು 800 ಗ್ರಾಂ. ಸುಮಾರು 1250 ಕ್ಯಾಲರಿ, ಎರಡು ಹೊತ್ತಿಗೆ ಹಂಚಿ. ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ, ರಸವನ್ನು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಕೊಬ್ಬು ಬಿಳಿ ಹಪ್ಪಳದ ಹಾಗೆ ಗಟ್ಟಿಯಾಗಿರುತ್ತೆ, ಎತ್ತಿ ಬಿಸಾಡಿ. ಅದು ಹೊಟ್ಟೆಗೆ ಹೋದರೆ ಪ್ಯಾಂಕ್ರಿಯಾಟೈಟಿಸ್ (ಮೇದೋಜ್ಜೀರಕ ಗ್ರಂಥಿಯ ಉರಿಯೂತ) ಭಯ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇಲ್ಲ. ಹಳೇ ಊಟದಿಂದ ಇದಕ್ಕೆ ಬರಲು 5-6 ದಿನ ಬೆರೆಸುತ್ತಾ ಹೋಗಿ, 8 ವಾರದ ಲೆಕ್ಕ ಆಮೇಲೆ ಶುರು. ವಾರಕ್ಕೊಮ್ಮೆ ತೂಕ ನೋಡಿ ಅಳತೆ ತಿದ್ದಿ. ಇದರಲ್ಲಿ ಕ್ಯಾಲ್ಸಿಯಂ ಸಾಲದು. ಆರೋಗ್ಯವಂತ ದೊಡ್ಡ ನಾಯಿಗೆ 8 ವಾರ ನಡೆಯುತ್ತೆ, ವರ್ಷಗಟ್ಟಲೆ ಅಲ್ಲ. ಮರಿಗಂತೂ ಬೇಡವೇ ಬೇಡ.

---

ಹಳೇಸರಪಣಿ ಉತ್ತರ:

ಇಷ್ಟೆಲ್ಲ ಯಾಕೆ, ಕೋಳಿ ಬಿಡಿಸಿ ನೋಡಿ ಸಾಕು.

---

ಗೆಣಸು_ಗಡ್ಡೆ ಉತ್ತರ:

ಸಾಲಲ್ಲ. ಆಹಾರದ ಅಲರ್ಜಿ ಇದ್ದ 297 ನಾಯಿಗಳ ಮಾಹಿತಿ ಸೇರಿಸಿದ 2016ರ ವಿಮರ್ಶೆಯಲ್ಲಿ ಒಗ್ಗದೇ ಇದ್ದದ್ದು ಯಾವುದು ಅಂದರೆ: ದನದ ಮಾಂಸ 34% ನಾಯಿಗಳಿಗೆ, ಹಾಲಿನ ಪದಾರ್ಥ 17%, ಕೋಳಿ 15%, ಗೋಧಿ 13%. ಅವು ಹೆಚ್ಚಾಗಿ ಬೇರೆ ದೇಶದ ನಾಯಿಗಳು. ಅಲರ್ಜಿ ಆಗೋದು ದಿನಾ ತಿನ್ನೋದಕ್ಕೇ, ಆದ್ದರಿಂದ ನಮ್ಮಲ್ಲಿ ಈ ಸಾಲು ಹೀಗೇ ಇರಬೇಕಿಲ್ಲ. ಆದರೂ ಮೊಸರನ್ನ ತಿನ್ನೋ ನಾಯಿಗೆ ಕೋಳಿ ಒಂದನ್ನೇ ಬಿಡಿಸಿದರೆ ಹಾಲಿನ ಅನುಮಾನ ಹಾಗೇ ಉಳೀತು. ಒಂದಕ್ಕಿಂತ ಹೆಚ್ಚು ಒಗ್ಗದ ನಾಯಿಗಳೂ ಇವೆ.

---

ಕಪ್ಪುಮೂಗು ಕೇಳಿದ್ದು:

ಮಾತ್ರೆ ನುಂಗಿಸೋಕೆ ಬ್ರೆಡ್ ತುಂಡು ಪರವಾಗಿಲ್ವಾ? 8 ವಾರ ಆದಮೇಲೆ ಹಳೇ ಊಟ ಕೊಟ್ಟು ನೋಡಲೇಬೇಕಾ?

---

ಸ್ಲೈಡ್_ನೋಡಿ ಉತ್ತರ:

ಬ್ರೆಡ್ ಬೇಡ, ಗೆಣಸಿನ ಉಂಡೆಯೊಳಗೆ ಇಡಿ. ಪಥ್ಯ ಕೆಡೋದು ಇಂಥ ಕಡೆಯೇ: ಗೇಟಿನ ಹತ್ತಿರ ಸೆಕ್ಯುರಿಟಿಯವರು ಕೊಡೋ ಗ್ಲೂಕೋಸ್ ಬಿಸ್ಕತ್ತು, ಮಗುವಿನ ಕುರ್ಚಿ ಕೆಳಗೆ ಬಿದ್ದ ಚಪಾತಿ, ಬೆಕ್ಕಿನ ತಟ್ಟೆ, ಚರ್ಮದ ಚೂಯಿಂಗ್ ಮೂಳೆ, ರುಚಿ ಸೇರಿಸಿದ ಜಂತುಮಾತ್ರೆ. ನಿಮ್ಮ ಚೀಪುವ ಉಣ್ಣಿ ಮಾತ್ರೆಯಲ್ಲೂ ಮಾಂಸದ ಅಥವಾ ಸೋಯಾ ಪ್ರೋಟೀನ್ ಇರಬಹುದು. ಈ ಎರಡು ತಿಂಗಳು ಬೆನ್ನಿಗೆ ಹಚ್ಚೋ ಸ್ಪಾಟ್-ಆನ್‌ಗೆ ಬದಲಾಯಿಸಿ, ನಿಲ್ಲಿಸಬೇಡಿ.

ಹಳೇ ಊಟ ಕೊಟ್ಟು ನೋಡಲೇಬೇಕು. ಇಲ್ಲದಿದ್ದರೆ ವಾಸಿಯಾದದ್ದು ಊಟದಿಂದಲೋ ಡ್ರಾಪ್ಸ್‌ನಿಂದಲೋ ಹೇಳೋದು ಹೇಗೆ? ಕಿವಿ ಔಷಧಿ, ತುರಿಕೆ ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ವಾರ ಪಥ್ಯದಲ್ಲೇ ಇಟ್ಟು, ಸ್ಲೈಡ್ ಶುಚಿಯಾಗಿದೆ ಅಂತ ಖಚಿತವಾದ ಮೇಲೆ ಹಳೇ ಊಟ ಪೂರ್ತಿ ಕೊಡಿ. 14 ದಿನದೊಳಗೆ ಕಿವಿ ಒಳಗೆ ಕೆಂಪಾಗಿ ಕೆರೆತ ಶುರುವಾದರೆ ಅಲರ್ಜಿ ಖಾತ್ರಿ; ಕಂಡ ದಿನವೇ ಪಥ್ಯಕ್ಕೆ ವಾಪಸ್. ಕೆರೆತ ತಣ್ಣಗಾದ ಮೇಲೆ ಪಥ್ಯದ ಜೊತೆಗೆ ಕೋಳಿ ಮಾತ್ರ ಸೇರಿಸಿ ಎರಡು ವಾರ, ಆಮೇಲೆ ಮೊಸರು, ಹೀಗೆ ಒಂದೊಂದಾಗಿ. ದಿನಾಂಕ ಹಾಕಿ ಕಿವಿಯ ಫೋಟೋ ತೆಗೆದಿಡಿ, ಕೆಂಪು ಎಷ್ಟಿತ್ತು ಅನ್ನೋದು ನೆನಪಲ್ಲಿ ಉಳಿಯಲ್ಲ.

8 ವಾರ ಕಟ್ಟುನಿಟ್ಟಾಗಿ ಮಾಡಿಯೂ ಬದಲಾಗದಿದ್ದರೆ ಅನುಮಾನ ಧೂಳುಹುಳ, ಪರಾಗದ ಅಲರ್ಜಿ ಕಡೆಗೆ. ಅದಕ್ಕೆ ಚಿಕಿತ್ಸೆಯೇ ಬೇರೆ, ಹಂದಿ ಮಾಂಸ ನಿಲ್ಲಿಸಿ ಮೊಸರನ್ನ ವಾಪಸ್ ಕೊಡಬಹುದು.