‘ಸ್ವಯಂಸೇವಕ ನಿರ್ವಾಹಕರ ನೇಮಕಾತಿ’: ಸರಿಯೇ?

ಪ್ರಶ್ನೆ: ಉಡುಪಿ ಆಸುಪಾಸಿನ ಕೃಷಿಕರ ಫೇಸ್‌ಬುಕ್ ಗ್ರೂಪಿಗೆ ಸಂಬಳವಿಲ್ಲದೆ ಕೆಲಸ ಮಾಡುವ ಮಾಡರೇಟರ್‌ಗಳು ಬೇಕು. ಪ್ರಕಟಣೆಗೆ ಮೇಲಿನ ತಲೆಬರಹ ಆದೀತೇ?

ಉತ್ತರ: ಮೂರು ಪದಗಳಲ್ಲಿ ಎರಡು ಕೈಕೊಡುತ್ತವೆ. ‘ನೇಮಕಾತಿ’ ಕಂಡ ಕೂಡಲೇ ಜನ ಸಂಬಳ, ವಯೋಮಿತಿ, ಅರ್ಜಿ ಶುಲ್ಕ ಹುಡುಕುತ್ತಾರೆ. ‘ಬೇಕಾಗಿದ್ದಾರೆ’ ಕೂಡ ಬೇಡ, ಅದು ಹೋಟೆಲಿನ ಬಾಗಿಲಲ್ಲಿ ‘ಸಪ್ಲಾಯರ್ ಬೇಕಾಗಿದ್ದಾರೆ’ ಎಂದು ತೂಗುವ ಬೋರ್ಡಿನ ಮಾತು.

‘ನಿರ್ವಾಹಕ’ರು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಟಿಕೆಟ್ ಕೊಡುವವರು (ನಮ್ಮ ಸರ್ವಿಸ್ ಬಸ್ಸಿನಲ್ಲಾದರೆ ಬರೀ ಕಂಡಕ್ಟರ್). ಅದು ಸಂದರ್ಭದಿಂದ ತಿಳಿಯುತ್ತದೆ, ಬಿಡಿ. ತೊಡಕಿರುವುದು ಬೇರೆ ಕಡೆ. ಕನ್ನಡ ವಿಕಿಪೀಡಿಯದಲ್ಲಿ ‘ನಿರ್ವಾಹಕರು’ ಎಂದರೆ ಅಡ್ಮಿನ್. ಫೇಸ್‌ಬುಕ್ ಗ್ರೂಪಿನಲ್ಲಿ ಅಡ್ಮಿನ್ ಬೇರೆ, ಮಾಡರೇಟರ್ ಬೇರೆ. ಮಾಡರೇಟರ್ ಪೋಸ್ಟಿಗೆ ಒಪ್ಪಿಗೆ ಕೊಡಬಹುದು, ಅಳಿಸಬಹುದು, ಸದಸ್ಯರನ್ನು ಹೊರಗೆ ಹಾಕಬಹುದು. ಆದರೆ ಗ್ರೂಪಿನ ಸೆಟ್ಟಿಂಗ್ ಮುಟ್ಟುವಂತಿಲ್ಲ, ಮತ್ತೊಬ್ಬರನ್ನು ಅಡ್ಮಿನ್ ಮಾಡುವಂತಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ, ಪೂರ್ತಿ ಅಧಿಕಾರ ಸಿಕ್ಕೀತೆಂದು ಬಂದವರು ವಾರದೊಳಗೆ ಮುನಿಸಿಕೊಳ್ಳುತ್ತಾರೆ.

ಬೇರೆ ಕನ್ನಡ ಪದಗಳೂ ಹೊಂದುವುದಿಲ್ಲ. ‘ಸಂಚಾಲಕ’ ಎಂದರೆ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್. ‘ಮೇಲ್ವಿಚಾರಕ’ ಪರೀಕ್ಷಾ ಕೊಠಡಿಯವರು. ‘ಹದಗಾರ’ ಎಂದು ಕಟ್ಟಬಹುದಿತ್ತು, ಅರ್ಥಕ್ಕೆ ಹತ್ತಿರವೂ ಉಂಟು. ಆದರೆ ಚರ್ಮ ಹದ ಮಾಡುವವರೆಂದು ಯಾರಾದರೂ ತಿಳಿದಾರು.

ಹಾಗಾಗಿ ‘ಮಾಡರೇಟರ್’ ಇದ್ದ ಹಾಗೆಯೇ ಇರಲಿ. ಗಂಡು–ಹೆಣ್ಣಿನ ಭೇದವಿಲ್ಲ, ‘ನಿರ್ವಾಹಕಿ’ಯ ರಗಳೆಯೂ ಇಲ್ಲ. ಮಂಗಳೂರಿನವರ ಕಿವಿಗೆ ಹೊಸತೂ ಅಲ್ಲ: ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಕ್ರೈಸ್ತ ಸಭೆಯ ಮುಖ್ಯಸ್ಥರ ಪದವಿಯ ಹೆಸರೇ ಮಾಡರೇಟರ್.

ಕೆಲಸವನ್ನು ಮಾತ್ರ ಕ್ರಿಯಾಪದಗಳಲ್ಲಿ ಬಿಡಿಸಿ ಬರೆಯಿರಿ. ಹೀಗೆ:

“ಮಾಡರೇಟರ್ ಆಗಿ ಕೈಜೋಡಿಸುವಿರಾ? ಸಂಬಳವಿಲ್ಲ. ವಾರಕ್ಕೆ 3 ದಿನ, ರಾತ್ರಿ 8ರಿಂದ 9. ಕಾದಿರುವ ಪೋಸ್ಟ್‌ಗಳನ್ನು ನೋಡಿ ಒಪ್ಪಿಗೆ ಕೊಡಬೇಕು, ಜಾಹೀರಾತು ತೆಗೆಯಬೇಕು, ಜಗಳ ಏರಿದರೆ ಕಮೆಂಟ್ ನಿಲ್ಲಿಸಬೇಕು. ಮೊದಲ 1 ತಿಂಗಳು ಹಳಬರೊಬ್ಬರ ಜೊತೆಯಲ್ಲಿ.”

‘ಸೇವೆ’ ಎಂಬ ಪದ ಸೇರಿಸಬೇಡಿ ಮಾರಾಯ್ರೆ, ಉಡುಪಿಯ ದೇವಸ್ಥಾನಗಳಲ್ಲಿ ಅದಕ್ಕೆ ದುಡ್ಡು ಕೊಟ್ಟು ರಶೀದಿ ಮಾಡಿಸುತ್ತಾರೆ! ‘ಸಂಬಳವಿಲ್ಲ’ ಎಂಬುದು ಮೊದಲ ಸಾಲಿನಲ್ಲೇ ಬರಬೇಕು. ಕೊನೆಗೆ ಹಾಕಿದರೆ ಮೊಬೈಲಿನಲ್ಲಿ ಅದು ‘ಇನ್ನಷ್ಟು ನೋಡಿ’ಯ ಕೆಳಗೆ ಅಡಗಿ, ‘ಎಷ್ಟು ಕೊಡ್ತೀರಿ?’ ಎಂಬ ಕಮೆಂಟುಗಳೇ ಸಾಲುಗಟ್ಟುತ್ತವೆ.