ಸಿಪಿಯು ಸುಮ್ನೆ ಕೂತಿದೆ, ಸೈಟ್ ಮಾತ್ರ ತೆರೆಯುವುದಿಲ್ಲ

ಬದಿಯಡ್ಕದವ:
ನಮ್ಮೂರ ದೇವಸ್ಥಾನದ ಸೇವೆ ಬುಕಿಂಗ್ ಸೈಟ್ ನೋಡಿಕೊಳ್ಳುವುದು ನಾನೇ. ಉಬುಂಟು, ವೆಬ್ ಸರ್ವರ್ ಅಪಾಚೆ (ಕನೆಕ್ಷನ್ನಿಗೊಂದು ಪ್ರೊಸೆಸ್ ಇಡುವ ಪ್ರೀಫೋರ್ಕ್ ವಿಧ), ಪಿಎಚ್‌ಪಿ ಅದರೊಳಗೇ ಓಡುವ ಮಾಡ್-ಪಿಎಚ್‌ಪಿ, 2 ಜಿಬಿ ರ‍್ಯಾಮ್. ವರ್ಷವಿಡೀ ತಕರಾರಿಲ್ಲ. ನಿನ್ನೆ ಜಾತ್ರೆಯ ಸೇವಾಪಟ್ಟಿ ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಬಿಟ್ಟೆ. ಎರಡೇ ನಿಮಿಷಕ್ಕೆ ಸೈಟ್ ನಿಂತಿತು. ದುಬೈಯಿಂದಲೂ ಫೋನು! ಟಾಪ್ ಕಮಾಂಡ್ ಕೊಟ್ಟು ನೋಡಿದರೆ ಸಿಪಿಯುಗೆ ಕೆಲಸವೇ ಇಲ್ಲ. ಎರರ್ ಲಾಗ್‌ನಲ್ಲಿ ಮಾತ್ರ 'ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಮಿತಿ ಮುಟ್ಟಿತು, ಜಾಸ್ತಿ ಮಾಡಿ ನೋಡಿ' ಎಂಬ ಅರ್ಥದ ಸಾಲು. ಒಮ್ಮೆಗೆ ಎಷ್ಟು ಪ್ರೊಸೆಸ್ ಓಡಬಹುದು ಎಂಬ ಆ ಮಿತಿ ಈಗ 150 ಇದೆ. 400 ಮಾಡಲಾ?

ಪೆರ್ಲದ ಪೆಂಗ್ವಿನ್:
ಮಾಡ್ಬೇಡಿ ಮಾರಾಯ್ರೆ! ಒಂದು ಪ್ರೊಸೆಸ್ 40 ಎಂಬಿ ತಿಂದರೆ 150ಕ್ಕೇ 6 ಜಿಬಿ ಆಯಿತು. ಅದರಲ್ಲಿ ಒಂದಷ್ಟು ಹಂಚಿಕೊಂಡದ್ದೇ ಇರಬಹುದು, ಆದರೂ 400ಕ್ಕೆ ಹೋದರೆ ಮೆಮೊರಿ ಸಾಲದೆ ಡಿಸ್ಕಿನ ಸ್ವಾಪ್‌ಗೆ ಬಿದ್ದು, ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್ಎಸ್ಎಚ್ ಕೂಡ ಸಿಗಲಿಕ್ಕಿಲ್ಲ. ಅಪಾಚೆಯ ಸರ್ವರ್-ಸ್ಟೇಟಸ್ ಪುಟದಲ್ಲಿ 'ಕೆ' (ಕನೆಕ್ಷನ್ ಹಿಡಿದು ಸುಮ್ನೆ ಕಾಯುವವು) ಎಷ್ಟು, 'ಡಬ್ಲ್ಯು' (ಉತ್ತರ ಕಳಿಸುತ್ತಿರುವವು) ಎಷ್ಟು ಉಂಟು? ಉತ್ತರ ಕೊಟ್ಟ ಮೇಲೂ ಕನೆಕ್ಷನ್ ಬಿಡದೆ ಕಾಯುವ ಹೊತ್ತು, ಅಂದರೆ ಕೀಪ್‌ಅಲೈವ್‌ಟೈಮ್‌ಔಟ್, ಎಷ್ಟು?

ಬದಿಯಡ್ಕದವ:
ಆ ಪುಟವನ್ನೂ ಅದೇ ಅಪಾಚೆ ಕೊಡಬೇಕಲ್ಲ, ಅದೂ ತೆರೆಯಲಿಲ್ಲ 😀 ರೀಸ್ಟಾರ್ಟ್ ಮಾಡಿ, ತುಂಬುವ ಮೊದಲೇ ಓಡಿ ಹೋಗಿ ನೋಡಿದೆ. ಕೆ 131, ಡಬ್ಲ್ಯು 4. ಟೈಮ್‌ಔಟ್ 60. ನನಗಿಂತ ಮೊದಲು ನೋಡಿಕೊಳ್ಳುತ್ತಿದ್ದವರು ಹಾಕಿದ್ದಿರಬೇಕು.

ಪೆರ್ಲದ ಪೆಂಗ್ವಿನ್:
ಸಿಕ್ಕಿತು ನೋಡಿ. ಅಪಾಚೆ 2.4ರಲ್ಲಿ ಅದು ತಾನಾಗಿ ಇರುವುದು 5 ಸೆಕೆಂಡ್.

ಹಂತಿ ಊಟದಲ್ಲಿ ಸಾರಿನ ಬಕೆಟ್ ಹಿಡಿದ ಒಬ್ಬರೇ ಸಾಲಿಡೀ ಬಡಿಸಿಕೊಂಡು ಹೋಗುತ್ತಾರೆ, ಅಲ್ವಾ? ಪ್ರೀಫೋರ್ಕ್‌ನಲ್ಲಿ ಹಾಗಲ್ಲ. ಎಲೆಗೊಬ್ಬ ಬಡಿಸುವವ. ಉಂಡವರ ಕೈ ಒಣಗಿದರೂ, 'ಇನ್ನೇನಾದರೂ ಬೇಕಾ' ಅಂತ 60 ಸೆಕೆಂಡ್ ಅಲ್ಲೇ ನಿಂತಿರುತ್ತಾನೆ. ಆ 131 'ಕೆ' ಅಂದರೆ ಹಾಗೆ ನಿಂತವರು. ನಿಜವಾಗಿ ಬಡಿಸುತ್ತಿರುವವರು ನಾಲ್ವರು!

ಇನ್ನೊಂದು. ಎಚ್‌ಟಿಟಿಪಿ 1.1ರಲ್ಲಿ ಒಂದು ಬ್ರೌಸರ್ ಒಂದೇ ಸೈಟಿಗೆ 6 ಕನೆಕ್ಷನ್‌ವರೆಗೆ ತೆರೆಯುತ್ತದೆ. 25 ಫೋನ್ ಬಂದರೆ ನಿಮ್ಮ 150 ಮುಗಿಯಿತು.

ಅರೆಬರೆ ಅಡ್ಮಿನ್:
ಹಾಗಾದ್ರೆ ಕೀಪ್‌ಅಲೈವನ್ನೇ ಆಫ್ ಮಾಡಿದರೆ ಆಯಿತಲ್ಲ?

ಪೆರ್ಲದ ಪೆಂಗ್ವಿನ್:
ಆಗ ಪುಟದ ಒಂದೊಂದು ಫೋಟೋಗೂ ಹೊಸ ಕನೆಕ್ಷನ್, ಹೊಸ ಟಿಎಲ್‌ಎಸ್ (ಗೂಢಲಿಪಿ) ಮಾತುಕತೆ. ತೋಟದ ಮೂಲೆಯಲ್ಲಿ ಒಂದು ಕಡ್ಡಿ ರೇಂಜ್ ಇರುವವರ ಗತಿ? 2 ಅಥವಾ 3 ಸೆಕೆಂಡ್ ಇಡಿ. ಸರಿಯಾದ ಮದ್ದು ಅಂದರೆ ಪ್ರೀಫೋರ್ಕ್ ಬದಲು ಅಪಾಚೆಯ ಈವೆಂಟ್ ಎಂಪಿಎಂ ವಿಧ, ಜತೆಗೆ ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ. ಅಲ್ಲಿ ಸುಮ್ನೆ ಕೂತ ಕನೆಕ್ಷನ್‌ಗಳನ್ನೆಲ್ಲ ಒಂದು ಲಿಸನರ್ ಥ್ರೆಡ್ ಕಾಯುತ್ತದೆ, ವರ್ಕರ್‌ಗಳು ಬೇರೆ ಕೆಲಸಕ್ಕೆ ಹೋಗುತ್ತವೆ.

ಬದಿಯಡ್ಕದವ:
3 ಮಾಡಿ ಗುಂಪಿಗೆ ಇನ್ನೊಮ್ಮೆ ಲಿಂಕ್ ಬಿಟ್ಟೆ. ಕೆ 20ರ ಆಸುಪಾಸಿನಲ್ಲೇ ಉಂಟು, ಫೋನೂ ನಿಂತಿದೆ. ಈವೆಂಟ್‌ಗೆ ಈಗ ಕೈ ಹಾಕುವುದಿಲ್ಲ. ನಾಡಿದ್ದು ಜಾತ್ರೆಯ ಕೊಡಿ (ಧ್ವಜ) ಏರುತ್ತದೆ, ಇಳಿದ ಮೇಲೆ ನೋಡುವ.